ಮುಪ್ಪಿಗೆ ಶರಣಾಗುವ ವಾದ

ವೃದ್ಧಾಪ್ಯದಲ್ಲಿ ಬುದ್ಧಿ ಕುಂದುವುದು ವಿಧಿನಿಯಮವೆಂದೂ, ವ್ಯಾಯಾಮ ಮತ್ತು ಬೌದ್ಧಿಕ ಅಭ್ಯಾಸಗಳೆಲ್ಲ ಬರಿಯ ವ್ಯಾಪಾರವೆಂದೂ ಕಳೆದ ಸಂಚಿಕೆಯಲ್ಲಿ ತೀರ್ಪಿತ್ತ ಲೇಖಕರು, ಫಿನ್ಲೆಂಡಿನಲ್ಲಿ ಮಿಯಾ ಕಿವಿಪೆಲ್ಟೊ ಅವರ ನೇತೃತ್ವದಲ್ಲಿ ನಡೆದು 2015ರಲ್ಲಿ ಪ್ರಕಟವಾದ ‘ಫಿಂಗರ್’ ಪ್ರಯೋಗವನ್ನು ಗಮನಿಸಿದಂತೆ ಕಾಣದು. 60ರಿಂದ 77 ವರ್ಷದ 1,260 ಮಂದಿಯನ್ನು ಯಾದೃಚ್ಛಿಕವಾಗಿ ಎರಡು ಪಂಗಡ ಮಾಡಿ, ಒಂದಕ್ಕೆ ಸಾಮಾನ್ಯ ಆರೋಗ್ಯೋಪದೇಶವನ್ನಷ್ಟೇ ಇತ್ತು, ಮತ್ತೊಂದಕ್ಕೆ ಆಹಾರಕ್ರಮ, ಸ್ನಾಯುಬಲದ ಕಸರತ್ತು, ಗಣಕಯಂತ್ರದ ಮೇಲಿನ ಬೌದ್ಧಿಕ ಸಾಧನೆ, ರಕ್ತದೊತ್ತಡದ ನಿಗಾ ಇವೆಲ್ಲವನ್ನೂ ಎರಡು ವರ್ಷ ಒದಗಿಸಲಾಗಿ, ಈ ಪಂಗಡದ ಒಟ್ಟು ಬೌದ್ಧಿಕ ಅಂಕಗಳ ಏರಿಕೆ ಶೇ. 25ರಷ್ಟು ಅಧಿಕವಾಗಿತ್ತು. ಉಪದೇಶಮಾತ್ರ ಪಡೆದವರೂ ಸುಧಾರಿಸಿದರೆಂಬುದನ್ನಾಗಲಿ, ಸ್ಮೃತಿಯೊಂದರಲ್ಲಿ ಅಂತರ ಸ್ಪಷ್ಟವಾಗಲಿಲ್ಲವೆಂಬುದನ್ನಾಗಲಿ ನಾನು ಮರೆಮಾಚಲಾರೆನು. ಆದರೆ ಮಿದುಳಿನ ಆಟಗಳನ್ನು ಮಾರುವ ವರ್ತಕರ ಮೇಲಿನ ಕೋಪವನ್ನು ಇಂಥ ಸಮಗ್ರ ಪ್ರಯತ್ನದ ಮೇಲೆ ತಿರುಗಿಸುವುದು ಅನ್ಯಾಯ. ಬೆಳಗ್ಗೆ ಚಪ್ಪಲಿ ಮೆಟ್ಟಿ ನಡೆಯಲು ಹೊರಟ ಹಿರಿಯರನ್ನು ‘ಈ ವಯಸ್ಸಿನಲ್ಲಿ ಏತಕ್ಕೆ?’ ಎಂದು ಬಾಗಿಲಲ್ಲೇ ತಡೆಯುವ ಮನೆಗಳಿಗೆ ಆ ಲೇಖಕರ ಬರಹವು ಮತ್ತೊಂದು ನೆಪವನ್ನೊದಗಿಸುತ್ತದೆ. ನನ್ನ ಆಕ್ಷೇಪವಿರುವುದು ಅಲ್ಲಿಯೇ.