ವ್ಯಕ್ತಿತ್ವ ವಿಕಸನದ ಪುಸ್ತಕಗಳು: ದೋಷವನ್ನು ಯಾರ ಹೆಸರಿಗೆ ಬರೆಯಬೇಕು?

ಕನ್ನಡ ಸಾಹಿತ್ಯವನ್ನು ಬೋಧಿಸುವ ನಾವು ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಸಾಹಿತ್ಯವೆಂದು ಒಪ್ಪುವುದಿಲ್ಲ. ಆದ್ದರಿಂದ ಅವುಗಳನ್ನು ವಿಮರ್ಶಿಸುವ ಗೋಜಿಗೂ ಹೋಗುವುದಿಲ್ಲ. ನಮ್ಮ ವಿದ್ಯಾರ್ಥಿಗಳಾದರೋ ಪಠ್ಯದಾಚೆಗೆ ಓದುವುದು ಹೆಚ್ಚಾಗಿ ಅವುಗಳನ್ನೇ. ರಾಯಚೂರಿನ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಮಾರ್ಗದರ್ಶಿಗಳ ಪಕ್ಕಕ್ಕೆ ಜೋಡಿಸಿರುವುದು ಯಶಸ್ಸಿನ ಮೆಟ್ಟಿಲುಗಳನ್ನು, ಸಿರಿವಂತಿಕೆಯ ಗುಟ್ಟುಗಳನ್ನು, ಜನರನ್ನು ಗೆಲ್ಲುವ ಉಪಾಯಗಳನ್ನು ಹೇಳುವ ಪುಸ್ತಕಗಳೇ. ಓದುಗರನ್ನು ಇಷ್ಟು ಆಳವಾಗಿ ಹಿಡಿದಿರುವ ಬರವಣಿಗೆಯೊಂದನ್ನು ವಿಮರ್ಶೆ ಮುಟ್ಟದೆ ಬಿಟ್ಟರೆ ಅದರ ಫಲವನ್ನು ಓದುಗನೊಬ್ಬನೇ ಅನುಭವಿಸಬೇಕಾಗುತ್ತದೆ. ಅಂಥ ಒಬ್ಬ ಓದುಗನಿಂದಲೇ ಈ ಲೇಖನ ಹುಟ್ಟಿದೆ.

ಆತ ದೇವದುರ್ಗ ತಾಲ್ಲೂಕಿನ ಹಳ್ಳಿಯವನು. ನನ್ನ ಹಳೆಯ ವಿದ್ಯಾರ್ಥಿ. ಪದವಿ ಮುಗಿಸಿ ರಾಯಚೂರಿನಲ್ಲಿ ಕೋಣೆ ಹಿಡಿದು ಪರೀಕ್ಷೆಗಳಿಗೆ ಓದುತ್ತಿದ್ದ. ಒಂದು ಸಂಜೆ ಮನೆಗೆ ಬಂದು ನೋಟ್‌ಪುಸ್ತಕವೊಂದನ್ನು ನನ್ನ ಮುಂದಿಟ್ಟ. ಅದರಲ್ಲಿ 'ನನ್ನ ದೋಷಗಳು' ಎಂಬ ತಲೆಬರಹದ ಕೆಳಗೆ ಕ್ರಮಸಂಖ್ಯೆ ಹಾಕಿ ಇಪ್ಪತ್ತೇಳು ಸಾಲುಗಳಿದ್ದವು: ತಡವಾಗಿ ಏಳುವುದು, ಧ್ವನಿ ಸಣ್ಣದಿರುವುದು, ಕಣ್ಣಿಟ್ಟು ಮಾತನಾಡದಿರುವುದು, ದೊಡ್ಡ ಕನಸು ಕಾಣದಿರುವುದು, ನಕಾರಾತ್ಮಕ ಯೋಚನೆ. 'ಎಲ್ಲಾ ಬರದೀನ್ರಿ ಸರ್, ಇನ್ನ ಏನರ ಬಿಟ್ಟೀನೇನ್ ನೋಡ್ರಿ' ಎಂದ. ಹೀಗೆ ಪಟ್ಟಿ ಮಾಡಬೇಕೆಂದು ಅವನಿಗೆ ಹೇಳಿಕೊಟ್ಟದ್ದು ಒಂದು ಪುಸ್ತಕ. ಆ ಪುಸ್ತಕವನ್ನು ಪ್ರಬಂಧ ಸ್ಪರ್ಧೆಯ ಬಹುಮಾನವಾಗಿ ಅವನಿಗೆ ಕೊಟ್ಟವನು ನಾನೇ.

ಪಟ್ಟಿಯಲ್ಲಿ ಇಲ್ಲದ ಸಂಗತಿಗಳು ನನ್ನನ್ನು ಕಾಡಿದವು. ಅವನ ಪ್ರೌಢಶಾಲೆಯಲ್ಲಿ ಎರಡು ವರ್ಷ ಇಂಗ್ಲಿಷ್ ಶಿಕ್ಷಕರಿರಲಿಲ್ಲ. ತಂದೆತಾಯಿ ಪ್ರತಿ ಬೇಸಿಗೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು. ಪರೀಕ್ಷೆಯ ತಿಂಗಳಲ್ಲಿ ತಂಗಿಯ ಮತ್ತು ಎಮ್ಮೆಯ ಹೊಣೆ ಇವನದಾಗಿತ್ತು. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯನ್ನು ಇವನೂ ಬರೆದಿದ್ದ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಯಾರದೋ ವಂಚನೆಗೆ ಸಾವಿರಾರು ಅಭ್ಯರ್ಥಿಗಳು ಎರಡು ವರ್ಷಕ್ಕೂ ಮಿಗಿಲಾದ ಯೌವನವನ್ನು ತೆತ್ತರು. ಇದಾವುದೂ ಆ ಇಪ್ಪತ್ತೇಳು ಸಾಲುಗಳಲ್ಲಿ ಬಂದಿರಲಿಲ್ಲ. ಅವನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಅದನ್ನು ಬರೆಯುವುದು 'ನೆಪ ಹೇಳುವುದು' ಎಂದು ಪುಸ್ತಕ ಮೊದಲೇ ಎಚ್ಚರಿಸಿತ್ತು.

ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಈ ಪುಸ್ತಕಗಳು ಸೋಮಾರಿತನ ಬಿಡು ಎನ್ನುತ್ತವೆ, ಶ್ರಮಪಡು ಎನ್ನುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಅವು ಕಟ್ಟಿಕೊಡುವ ಲೋಕದಲ್ಲಿ. ಅಲ್ಲಿ 'ನಾನು' ಒಬ್ಬನೇ ಇದ್ದಾನೆ. 'ಇನ್ನೊಬ್ಬ' ಬರುವುದು ಗೆಲ್ಲಬೇಕಾದ ಗಿರಾಕಿಯಾಗಿ ಅಥವಾ ದಾಟಬೇಕಾದ ಪ್ರತಿಸ್ಪರ್ಧಿಯಾಗಿ ಮಾತ್ರ. ಹೊಣೆ ಹೊರಬೇಕಾದವನಾಗಿ ಇನ್ನೊಬ್ಬನಿಲ್ಲ. ಕೈಹಿಡಿದು ಎತ್ತುವವನಾಗಿಯೂ ಇಲ್ಲ. ಹೀಗಾಗಿ ಗೆಲುವೆಲ್ಲ ಗೆದ್ದವನ ಸ್ವಂತ ಗಳಿಕೆಯಾಗುತ್ತದೆ, ಸೋಲೆಲ್ಲ ಸೋತವನ ಸ್ವಂತ ದೋಷವಾಗುತ್ತದೆ.

ಈ ಪ್ರಕಾರದ ಚರಿತ್ರೆಯನ್ನು ನೋಡಿದರೆ ಇದು ಆಕಸ್ಮಿಕವಲ್ಲವೆಂಬುದು ತಿಳಿಯುತ್ತದೆ. ಸ್ಯಾಮ್ಯುಯೆಲ್ ಸ್ಮೈಲ್ಸ್‌ನ 'ಸೆಲ್ಫ್ ಹೆಲ್ಪ್' ಇಂಗ್ಲೆಂಡಿನಲ್ಲಿ ಪ್ರಕಟವಾದದ್ದು 1859ರಲ್ಲಿ. ಇಂದಿಗೂ ನಮ್ಮ ಅಂಗಡಿಗಳಲ್ಲಿರುವ ಡೇಲ್ ಕಾರ್ನೆಗಿಯ ಪುಸ್ತಕ 1936ರದು, ನೆಪೋಲಿಯನ್ ಹಿಲ್‌ನದು 1937ರದು. ಈ ಎರಡೂ ಅಮೆರಿಕದ ಮಹಾ ಆರ್ಥಿಕ ಕುಸಿತದ ದಶಕದಲ್ಲಿ ಬಂದವು. 1933ರಲ್ಲಿ ಅಲ್ಲಿ ದುಡಿಯುವ ನಾಲ್ವರಲ್ಲಿ ಸುಮಾರು ಒಬ್ಬನಿಗೆ ಕೆಲಸವಿರಲಿಲ್ಲ. ಕೆಲಸವೇ ಇಲ್ಲದ ಕಾಲದಲ್ಲಿ 'ಕೆಲಸ ಸಿಗದಿರುವುದು ನಿನ್ನ ನಗುಮುಖದ ಕೊರತೆಯಿಂದ' ಎಂಬ ಧ್ವನಿಯುಳ್ಳ ಪುಸ್ತಕ ಅತ್ಯಂತ ಜನಪ್ರಿಯವಾಯಿತು. ಹುದ್ದೆಗಳು ಖಾಲಿ ಬಿದ್ದು ನೇಮಕಾತಿ ನಿಧಾನವಾದ ನಮ್ಮ ಕಾಲದಲ್ಲಿಯೂ ಅದೇ ಪುಸ್ತಕಕ್ಕೆ ಬೇಡಿಕೆ ಇರುವುದರಲ್ಲಿ ಆಶ್ಚರ್ಯವಿಲ್ಲ.

ಮನುಷ್ಯ ಸ್ವಭಾವದ ಬಗೆಗೆ ಇವು ಮುಂದಿಡುವ 'ವಿಜ್ಞಾನ'ವನ್ನೂ ಪರೀಕ್ಷಿಸಬೇಕು. ಇಪ್ಪತ್ತೊಂದು ದಿನ ಮಾಡಿದರೆ ಯಾವುದೇ ಅಭ್ಯಾಸ ನೆಲೆಯಾಗುತ್ತದೆ ಎಂಬ ಮಾತು ಶಿಬಿರಗಳಲ್ಲಿ ಮಂತ್ರದಂತೆ ಕೇಳಿಬರುತ್ತದೆ. ಇದರ ಮೂಲವನ್ನು ಸಾಮಾನ್ಯವಾಗಿ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರ ತನ್ನ ಪುಸ್ತಕದಲ್ಲಿ ಬರೆದ ಮಾತಿಗೆ ಒಯ್ಯಲಾಗುತ್ತದೆ. ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕನಿಷ್ಠ ಅಷ್ಟು ದಿನ ಬೇಕೆಂದು ಆತ ಗಮನಿಸಿದ್ದ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸವೊಂದು ನೆಲೆಯಾಗಲು 18ರಿಂದ 254 ದಿನಗಳವರೆಗೆ, ಸರಾಸರಿ 66 ದಿನ ಹಿಡಿಯಿತು.

ಮಿಠಾಯಿಯ ಪ್ರಯೋಗದ ಕಥೆಯೂ ಇಂಥದೇ. ಮುಂದಿಟ್ಟ ಮಿಠಾಯಿಯನ್ನು ತಿನ್ನದೆ ತಡೆದುಕೊಂಡ ಮಗು ದೊಡ್ಡದಾದ ಮೇಲೆ ಯಶಸ್ವಿಯಾಗುತ್ತದೆಂದು ಹೇಳಲಾಗುತ್ತದೆ. ವಾಲ್ಟರ್ ಮಿಷೆಲ್ ಆ ಪ್ರಯೋಗ ನಡೆಸಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಶಿಶುವಿಹಾರದ ಮಕ್ಕಳ ಮೇಲೆ. 2018ರಲ್ಲಿ ಬೇರೆ ಸಂಶೋಧಕರು ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿ, ಮನೆಯ ಹಿನ್ನೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ, ಆ ಸಂಬಂಧ ಬಹುಮಟ್ಟಿಗೆ ಕುಗ್ಗಿತು. ನಾಳೆ ಮಿಠಾಯಿ ಸಿಕ್ಕೇ ಸಿಗುತ್ತದೆಂಬ ಭರವಸೆಯಿರುವ ಮನೆಯ ಮಗು ಕಾಯುತ್ತದೆ. ಸಿಗುತ್ತದೋ ಇಲ್ಲವೋ ಎಂಬ ಮನೆಯ ಮಗು ಇಂದೇ ತಿನ್ನುತ್ತದೆ. ಎರಡನೆಯದನ್ನು ಸಂಯಮದ ಕೊರತೆಯೆನ್ನಲು ನನಗೆ ಮನಸ್ಸು ಬಾರದು. ಅದು ಅನುಭವ ಕಲಿಸಿದ ಬುದ್ಧಿ.

ಇದನ್ನು ಅರಿಯಲು ಸ್ಟ್ಯಾನ್‌ಫರ್ಡಿಗೆ ಹೋಗಬೇಕಾಗಿಲ್ಲ. ನಮ್ಮ ಮಾನ್ವಿಯ ಹೊಲಗಳಿಗೆ ಹೋದರೆ ಸಾಕು. ತುಂಗಭದ್ರಾ ಎಡದಂಡೆ ನಾಲೆಯ ಉದ್ದ 227 ಕಿ.ಮೀ. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿವೆ, ಅನಧಿಕೃತ ನೀರಾವರಿಯೂ ನಡೆಯುತ್ತದೆ. ಮಾನ್ವಿ ಮತ್ತು ರಾಯಚೂರು ತಾಲ್ಲೂಕುಗಳ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದು ನಮಗೆ ಹೊಸ ಸುದ್ದಿಯಲ್ಲ. ಕೊನೆ ಭಾಗದ ರೈತನ ಹೊಲ ಒಣಗಿದ್ದಕ್ಕೆ ಅವನ ಆತ್ಮವಿಶ್ವಾಸದ ಕೊರತೆ ಕಾರಣವೆಂದು ಹೇಳಿದರೆ ಊರೇ ನಗುತ್ತದೆ. ಅದೇ ರೈತನ ಮಗನ ಓದಿನ ವಿಷಯದಲ್ಲಿ ಅದೇ ಮಾತನ್ನು ಸಭಾಂಗಣದಲ್ಲಿ ಹೇಳಿದರೆ ನಾವು ಚಪ್ಪಾಳೆ ತಟ್ಟುತ್ತೇವೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರ ಪೈಕಿ 21 ಅಂದಿನ ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದವು. ದೇವದುರ್ಗ, ಮಾನ್ವಿ ಎರಡೂ ಆ ಪಟ್ಟಿಯಲ್ಲಿದ್ದವು. ಆ ವರದಿಯೂ ದೋಷಗಳ ಪಟ್ಟಿಯೇ. ಆದರೆ ಅದು ದೋಷವನ್ನು ಬರೆದದ್ದು ಹಂಚಿಕೆಯ ಹೆಸರಿಗೆ. ಈ ಭಾಗಕ್ಕೆ ಸಂವಿಧಾನದ 371ಜೆ ವಿಧಿ ದೊರೆತದ್ದು ಹಲವು ವರ್ಷಗಳ ಸಾಮೂಹಿಕ ಹೋರಾಟದಿಂದ. ಇಂದು ನನ್ನ ವಿದ್ಯಾರ್ಥಿ ಅರ್ಜಿಯಲ್ಲಿ ತುಂಬುವ ಮೀಸಲಾತಿಯ ಆ ಒಂದು ಕಲಂ, ಅವನು ಹೆಸರು ಕೇಳದ ಎಷ್ಟೋ ಮಂದಿಯ ಕೊಡುಗೆ. ಯಶಸ್ಸಿನ ಯಾವ ಪುಸ್ತಕವೂ ಅವನಿಗೆ ಈ ಋಣವನ್ನು ನೆನಪಿಸುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಳಗನ್ನಡದ ಜೈನ ಕಾವ್ಯಗಳೂ ಜೀವವನ್ನೇ ಉದ್ದೇಶಿಸಿ ಮಾತನಾಡುತ್ತವಲ್ಲವೆ? ಬಂಧುವರ್ಮನ 'ಜೀವಸಂಬೋಧನೆ'ಯ ಹೆಸರೇ ಅದನ್ನು ಹೇಳುತ್ತದೆ. ಅದರ ವಸ್ತು ಹನ್ನೆರಡು ಅನುಪ್ರೇಕ್ಷೆಗಳು. ಕರ್ಮಸಿದ್ಧಾಂತವೂ ಲೆಕ್ಕವನ್ನು ಆಯಾ ಜೀವದ ಹೆಸರಿಗೇ ಬರೆಯುತ್ತದೆ. ಬಡತನವನ್ನು ಹಿಂದಿನ ಜನ್ಮದ ಫಲವೆಂದು ವಿವರಿಸುವ ಕಥೆಗಳು ನಮ್ಮ ಪರಂಪರೆಯಲ್ಲಿಯೂ ಇವೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಆ ಸಾಹಿತ್ಯ ಅಳತೆಗೋಲನ್ನು ಗೆದ್ದವನ ಕೈಗೆ ಕೊಡಲಿಲ್ಲ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳನ್ನು ಅದು ಬಂಧನವೆಂದಿತು. ಇಂದಿನ ಯಶಸ್ಸಿನ ಪುಸ್ತಕ ಲೋಭವನ್ನು 'ಗುರಿ' ಎನ್ನುತ್ತದೆ, ಮಾನವನ್ನು 'ಸ್ವಪ್ರತಿಷ್ಠಾಪನೆ' ಎನ್ನುತ್ತದೆ, ಮಾಯೆಯನ್ನು 'ಜನರನ್ನು ಒಲಿಸಿಕೊಳ್ಳುವ ಕಲೆ' ಎನ್ನುತ್ತದೆ. ಪಂಪನ 'ಆದಿಪುರಾಣ'ದಲ್ಲಿ ಬಾಹುಬಲಿ ಗೆಲ್ಲುತ್ತಾನೆ. ಗೆದ್ದ ಕ್ಷಣದಲ್ಲಿಯೇ ಗೆಲುವಿಗೆ ಹೇಸುತ್ತಾನೆ. ಕಠೋರ ತಪಸ್ಸಿನ ನಂತರವೂ ಅವನಲ್ಲಿ ಉಳಿದಿದ್ದ ಮಾನದ ಎಳೆ ಹರಿಯುವುದು ಸೋತ ಭರತ ಬಂದು ನಮಿಸಿದಾಗ. ಅಷ್ಟು ದೊಡ್ಡ ತಪಸ್ವಿಗೂ ಇನ್ನೊಬ್ಬ ಬೇಕಾಯಿತು.

ನಮ್ಮ ನೆಲದ ದಾಸಪರಂಪರೆಯೂ ಇದನ್ನೇ ಹೇಳುತ್ತದೆ. ಮಾನ್ವಿ ತಾಲ್ಲೂಕಿನ ಬ್ಯಾಗವಟ್ಟಿನ ಶ್ರೀನಿವಾಸಾಚಾರ್ಯರು ಸಂಸ್ಕೃತ ಪಾಂಡಿತ್ಯದ ಹಮ್ಮಿನಿಂದ ಚೀಕಲಪರ್ವಿಯ ವಿಜಯದಾಸರ ಕನ್ನಡವನ್ನು ಕಡೆಗಣಿಸಿದರು, ಉದರಶೂಲೆಗೆ ತುತ್ತಾದರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರು, ಆಚಾರ್ಯರು ಜಗನ್ನಾಥದಾಸರಾಗಿ 'ಹರಿಕಥಾಮೃತಸಾರ'ವನ್ನು ರಚಿಸಿದರು ಎಂಬುದು ಸಂಪ್ರದಾಯದ ಕಥೆ. ಇದನ್ನು ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಒಬ್ಬ ಮಹಾಕವಿಯ 'ವ್ಯಕ್ತಿತ್ವ ವಿಕಸನ'ವನ್ನು ಈ ನೆಲದ ಜನ ಹೇಗೆ ಕಲ್ಪಿಸಿಕೊಂಡರೆಂಬುದನ್ನು ಗಮನಿಸಿದರೆ ಸಾಕು: ಅದು ಇನ್ನೊಬ್ಬರ ಆಯುಷ್ಯದಿಂದ ಬಂದ ದಾನ.

ಈ ಪುಸ್ತಕಗಳ ಪರವಾಗಿ ಹೇಳಬೇಕಾದ ಒಂದು ಮಾತು ಇದೆ. ಅದನ್ನು ಮರೆಮಾಡಿದರೆ ನನ್ನ ವಾದ ಅಪ್ರಾಮಾಣಿಕವಾಗುತ್ತದೆ. ಮೊದಲ ತಲೆಮಾರಿನ ಅಕ್ಷರಸ್ಥ ಹುಡುಗನಿಗೆ 'ನಿನ್ನಿಂದ ಆಗುತ್ತದೆ' ಎಂದು ಹೇಳುವವರು ಮನೆಯಲ್ಲಿರುವುದಿಲ್ಲ, ಕಾಲೇಜಿನಲ್ಲಿಯೂ ಇರುವುದಿಲ್ಲ. ಅವನಿಗೆ ಆ ಪುಸ್ತಕವೇ ಅಣ್ಣ. ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ'ಯಿಂದ ಧೈರ್ಯ ಪಡೆದವರನ್ನು ನಾನು ಬಲ್ಲೆ. ಯಂಡಮೂರಿಯವರ ಪುಸ್ತಕದಿಂದ ಓದಿನ ರುಚಿ ಹತ್ತಿಸಿಕೊಂಡು ಮುಂದೆ ಕುವೆಂಪು ಅವರಲ್ಲಿಗೆ ಬಂದವರನ್ನೂ ಬಲ್ಲೆ. ಆ ಅಣ್ಣನ ಸ್ಥಾನ ತೆರವಾಗಿದ್ದುದು ನಾವು ಅದನ್ನು ತುಂಬದೆ ಹೋದದ್ದರಿಂದ. ನಾವು ಅಲಂಕಾರಶಾಸ್ತ್ರವನ್ನು ಬೋಧಿಸಿ ಗಂಟೆ ಮುಗಿಸಿದೆವು. ಬದುಕಿನ ಪ್ರಶ್ನೆಯನ್ನು ಬಸ್ ನಿಲ್ದಾಣದ ಅಂಗಡಿಗೆ ಬಿಟ್ಟುಕೊಟ್ಟೆವು. ಆ ಮೇಲೆ ಶಿಬಿರಗಳಿಗೆ ಸಂಪನ್ಮೂಲ ವ್ಯಕ್ತಿಗಳಾಗಿ ಹೋಗಿ, ಅದೇ ಅಂಗಡಿಯ ಸರಕನ್ನು ಶಾಲು ಹೊದ್ದುಕೊಂಡು ಮಾರಿದೆವು. ಈ 'ನಾವು' ಎಂಬುದರಲ್ಲಿ ನಾನೂ ಇದ್ದೇನೆ.

ಸಂಶೋಧನಾ ವಿದ್ಯಾರ್ಥಿಗಳಿಗೆ ಇಲ್ಲಿ ದೊಡ್ಡ ಕೆಲಸವಿದೆ. ಕನ್ನಡಕ್ಕೆ ಬಂದ ಈ ಪುಸ್ತಕಗಳಲ್ಲಿ ಮೂಲದ ಯಾವ ಉದಾಹರಣೆಗಳು ಉಳಿದವು, ಯಾವುವು ಬದಲಾದವು. ಅವುಗಳ ನಾಯಕರ ಕಸುಬೇನು. ಹೆಂಗಸರು, ಕೂಲಿಗಳು, ರೈತರು ಎಲ್ಲಿ ಬರುತ್ತಾರೆ, ಬಂದರೆ ಯಾವುದಕ್ಕೆ ನಿದರ್ಶನವಾಗಿ ಬರುತ್ತಾರೆ ಎಂಬುದನ್ನು ಯಾರಾದರೂ ಕುಳಿತು ಬರೆಯಬೇಕು. ತರಗತಿಯಲ್ಲಿಯೂ ಇವುಗಳನ್ನು ಬಹಿಷ್ಕರಿಸದೆ ಓದಬೇಕು. ಪ್ರತಿ ಅಧ್ಯಾಯಕ್ಕೂ ಒಂದೇ ಪ್ರಶ್ನೆ ಹಾಕಿದರೆ ಸಾಕು: ಇಲ್ಲಿ ಹೇಳದೆ ಬಿಟ್ಟ ಇನ್ನೊಬ್ಬ ಯಾರು?

ಆ ಸಂಜೆ ನನ್ನ ವಿದ್ಯಾರ್ಥಿಯ ನೋಟ್‌ಪುಸ್ತಕದ ಎದುರು ಪುಟದಲ್ಲಿ ಇನ್ನೊಂದು ಪಟ್ಟಿಯನ್ನು ಇಬ್ಬರೂ ಕೂಡಿ ಬರೆದೆವು. ಶಿಕ್ಷಕರಿಲ್ಲದ ಎರಡು ವರ್ಷ, ಗುಳೆ, ರದ್ದಾದ ಪರೀಕ್ಷೆ ಎಲ್ಲವೂ ಬಂದವು. ಬಹುಮಾನವಾಗಿ ಆ ಪುಸ್ತಕವನ್ನು ಕೊಟ್ಟ ಗುರುವಿನ ಹೆಸರನ್ನು ನಾನೇ ಸೇರಿಸಿದೆ. ಅದಾದ ಮೇಲೆ ಅವನು ಮೊದಲ ಪುಟಕ್ಕೆ ಮರಳಿ ಒಂದೊಂದೇ ಸಾಲನ್ನು ಹೊಡೆದುಹಾಕಿದ. ಕೊನೆಗೆ ಉಳಿದವು ನಾಲ್ಕು. 'ಇವು ನನ್ನವೇರಿ ಸರ್, ಇವನ್ನ ನಾನ ತಿದ್ಕೋತೀನಿ' ಎಂದ. ಇಪ್ಪತ್ತೇಳನ್ನು ಹೊತ್ತಾಗ ಒಂದನ್ನೂ ತಿದ್ದಿಕೊಳ್ಳಲಾಗದವನಿಗೆ ನಾಲ್ಕನ್ನು ತಿದ್ದಿಕೊಳ್ಳುವ ಶಕ್ತಿ ಇತ್ತು.