ಗೆರೆ ಎಳೆಯುವ ಅಧಿಕಾರ ಯಾರದು?

ಕಡಲು ಯಾರೊಬ್ಬರ ಸೊತ್ತೂ ಅಲ್ಲ. ಆದುದರಿಂದ ಕಡಲ ಮೇಲಿನ ಸರಕು ಸಾಗಣೆಗೆ ಸರಕಾರಗಳು ಕಡಿವಾಣ ಹಾಕಬಾರದು ಎಂಬ ವಾದವೊಂದು ನಮ್ಮಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ಹಡಗಿನ ಒಡೆಯನಿಗೆ ಸ್ವಾತಂತ್ರ್ಯ ಕೊಟ್ಟಷ್ಟೂ ಸಾಗಣೆಯ ದರ ಇಳಿಯುವುದೆಂದೂ, ದರ ಇಳಿದಷ್ಟೂ ನಾಡಿಗೆ ಸಂಪತ್ತು ಹರಿದುಬರುವುದೆಂದೂ ಈ ವಾದವನ್ನು ಹೂಡುವವರು ಹೇಳುತ್ತಾರೆ. ಕೇಳುವುದಕ್ಕೆ ಇದು ಇಂಪಾಗಿದೆ. ಆದರೆ ಒಡೆಯನು ಬೇಡುತ್ತಿರುವುದು ಸ್ವಾತಂತ್ರ್ಯವನ್ನಲ್ಲ. ತನ್ನನ್ನು ಆಳಬೇಕಾದ ಸರಕಾರವನ್ನು ಅಂಗಡಿಯಲ್ಲಿ ವಸ್ತ್ರವನ್ನು ಆರಿಸಿದಂತೆ ತಾನೇ ಆರಿಸಿಕೊಳ್ಳುವ ಸವಲತ್ತನ್ನು. ಈ ಸವಲತ್ತು ನ್ಯಾಯಕ್ಕೆ ವಿರೋಧವಾದುದು. ಅದನ್ನು ಮೊಟಕುಗೊಳಿಸುವ ಅಧಿಕಾರವೂ ಹೊಣೆಯೂ ಬಂದರನ್ನುಳ್ಳ ಪ್ರತಿಯೊಂದು ಸರಕಾರಕ್ಕೆ ಇದೆ. ಇದೇ ಈ ಲೇಖನದ ಪ್ರತಿಪಾದನೆ.

ಮೊದಲು ನಮ್ಮ ಕಡಲಿನಲ್ಲಿಯೇ ನಡೆದುದನ್ನು ನೋಡೋಣ. 2025ನೆಯ ಮೇ ತಿಂಗಳಲ್ಲಿ ‘ಎಂ.ಎಸ್.ಸಿ. ಎಲ್ಸಾ 3’ ಎಂಬ ಸರಕಿನ ಹಡಗು ವಿಳಿಂಜಂ ಬಂದರಿನಿಂದ ಹೊರಟು ಕೊಚ್ಚಿಗೆ ಬರುತ್ತಿತ್ತು. 24ರಂದು ಅದು ಒಂದು ಮಗ್ಗುಲಿಗೆ ವಾಲಿತು, ಮರುದಿನ ಮುಳುಗಿತು. ನಮ್ಮ ಕರಾವಳಿ ರಕ್ಷಣಾ ಪಡೆಯೂ ನೌಕಾಪಡೆಯೂ 24 ಮಂದಿ ನಾವಿಕರನ್ನೂ ಉಳಿಸಿದುವು. ಹಡಗಿನಲ್ಲಿದ್ದ 640 ಕಂಟೇನರುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕಿತ್ತು. ಅವುಗಳ ಪೈಕಿ 12ರಲ್ಲಿ ಇದ್ದುದು ಕ್ಯಾಲ್ಸಿಯಂ ಕಾರ್ಬೈಡು. ನೀರು ತಗಲಿದೊಡನೆ ಅದರಿಂದ ಉರಿಯುವ ಅನಿಲ ಹುಟ್ಟುವುದನ್ನು ನಮ್ಮ ವಿಜ್ಞಾನದ ಉಪಾಧ್ಯಾಯರು ಮಕ್ಕಳಿಗೆ ಪ್ರಯೋಗಶಾಲೆಯಲ್ಲಿ ತೋರಿಸಿರಬಹುದು. ಇಂಧನವಾಗಿ ನೂರಾರು ಟನ್ನು ಎಣ್ಣೆಯೂ ಇತ್ತು. ಕೆಲವೇ ದಿನಗಳಲ್ಲಿ ಕೊಲ್ಲಂ, ಆಲಪ್ಪುಳ, ತಿರುವನಂತಪುರದ ಮರಳಿನ ಮೇಲೆ ಸಾಬಕ್ಕಿಯಂತಹ ಪ್ಲಾಸ್ಟಿಕ್ ಕಾಳುಗಳು ರಾಶಿರಾಶಿಯಾಗಿ ಬಂದು ಬಿದ್ದುವು. ಕೇರಳ ಸರಕಾರವು ಇದನ್ನು ರಾಜ್ಯದ ವಿಪತ್ತೆಂದು ಸಾರಬೇಕಾಯಿತು. ಮುಳುಗಿದ ಹಡಗಿನ ಸುತ್ತಿನಲ್ಲಿ ಮೀನು ಹಿಡಿಯಬಾರದೆಂದು ಕಟ್ಟಳೆಯಾಯಿತು. ದೂರದ ಜಿಲ್ಲೆಗಳಲ್ಲಿಯೂ, ಮೀನಿನಲ್ಲಿ ವಿಷವಿದೆಯೆಂಬ ಭಯ ಹಬ್ಬಿ, ಬುಟ್ಟಿ ಹೊತ್ತು ಬಂದ ಹೆಂಗಸರನ್ನು ಜನರು ಸಂಶಯದಿಂದ ನೋಡಿದರು.

ಈ ಹಡಗು ಯಾರದು? ಅದರ ಮೇಲೆ ಹಾರುತ್ತಿದ್ದುದು ಆಫ್ರಿಕದ ಪಡುಗಡಲ ತೀರದ ಲೈಬೀರಿಯಾ ದೇಶದ ಧ್ವಜ. ಅದನ್ನು ನಡೆಸುತ್ತಿದ್ದ ಕಂಪೆನಿಯ ಮುಖ್ಯ ಕಚೇರಿ ಇರುವುದು ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ. ಕಪ್ತಾನನು ರಷ್ಯದವನು, ನಾವಿಕರಲ್ಲಿ ಹೆಚ್ಚಿನವರು ಫಿಲಿಪೀನ್ಸಿನವರು. ಹೊರಟ ಬಂದರೂ ಸೇರಬೇಕಿದ್ದ ಬಂದರೂ ಕೇರಳದವು. ಹೀಗಿರುವಾಗ ಆ ಹಡಗಿನ ಕಟ್ಟುಮಸ್ತಿಗೆ, ನಾವಿಕರ ಯೋಗ್ಯತೆಗೆ, ಸರಕಿನ ಹೊಂದಾಣಿಕೆಗೆ ಮೊದಲ ಹೊಣೆಗಾರನೆಂದು ಅಂತರ್ರಾಷ್ಟ್ರೀಯ ನ್ಯಾಯವು ತೋರಿಸುವುದು ಯಾರನ್ನು? ಲೈಬೀರಿಯಾವನ್ನು! ಹಾನಿಯು ಬಂದುದು ಮಾತ್ರ ಲೈಬೀರಿಯಾದ ತೀರಕ್ಕಲ್ಲ.

ಬಾಡಿಗೆಗೆ ಸಿಗುವ ಇಂತಹ ಧ್ವಜಕ್ಕೆ ‘ಅನುಕೂಲದ ಧ್ವಜ’ ಎಂದು ಹೆಸರು. ಅನುಕೂಲ ಯಾರಿಗೆ ಎಂಬುದನ್ನು ವಿವರಿಸಬೇಕಾಗಿಲ್ಲ. ಇದರ ಹುಟ್ಟನ್ನು ಕೇಳಿದರೆ ನಗುವೂ ಬರುವುದು, ವ್ಯಥೆಯೂ ಆಗುವುದು. 1922ರಲ್ಲಿ ಅಮೆರಿಕದ ಎರಡು ಪ್ರಯಾಣಿಕ ಹಡಗುಗಳು ತಮ್ಮ ದೇಶದ ಮದ್ಯನಿಷೇಧದ ಕಾನೂನಿನಿಂದ ನುಣುಚಿಕೊಳ್ಳುವುದಕ್ಕಾಗಿ ಪನಾಮಾದ ಧ್ವಜವನ್ನು ಏರಿಸಿದುವು. ಹೆಂಡಕ್ಕಾಗಿ ಮಾಡಿದ ಉಪಾಯವು ಬಲುಬೇಗನೆ ಕೂಲಿಯನ್ನು ಕಡಿತಗೊಳಿಸುವ, ತೆರಿಗೆಯನ್ನು ತಪ್ಪಿಸುವ ಉಪಾಯವಾಯಿತು. 1948ರಲ್ಲಿ ಲೈಬೀರಿಯಾದ ನೋಂದಣಿ ಏರ್ಪಟ್ಟಿತು. ಅದರ ಸೂತ್ರಧಾರರಾಗಿದ್ದವರು ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಎಡ್ವರ್ಡ್ ಸ್ಟೆಟಿನಿಯಸ್. ಇಂದಿಗೂ ಆ ನೋಂದಣಿಯನ್ನು ನಡೆಸುತ್ತಿರುವುದು ಅಮೆರಿಕದ ವರ್ಜೀನಿಯಾದಲ್ಲಿರುವ ಒಂದು ಖಾಸಗಿ ಸಂಸ್ಥೆ. ಲೈಬೀರಿಯಾ, ಪನಾಮಾ, ಮಾರ್ಷಲ್ ದ್ವೀಪಗಳು ಈ ಮೂರು ಧ್ವಜಗಳ ಕೆಳಗೆ ಇಂದು ಜಗತ್ತಿನ ಹಡಗುಗಳ ಒಟ್ಟು ಸಾಮರ್ಥ್ಯದ ನೂರಕ್ಕೆ ನಲುವತ್ತಕ್ಕಿಂತ ಹೆಚ್ಚು ಭಾಗ ಸೇರಿದೆ. ಕಡಲಿನ ಮುಖವನ್ನೇ ಕಾಣದ ಮಂಗೋಲಿಯಾ ಕೂಡ ಹಡಗುಗಳಿಗೆ ಧ್ವಜವನ್ನು ಕೊಟ್ಟಿದೆಯೆಂದ ಮೇಲೆ ಮಿಕ್ಕುದನ್ನು ಹೇಳುವುದೇಕೆ?

ಕಾನೂನು ಇಲ್ಲವೆಂದಲ್ಲ. ಹಡಗಿಗೂ ಧ್ವಜದ ದೇಶಕ್ಕೂ ನಿಜವಾದ ಸಂಬಂಧವಿರಬೇಕೆಂದು 1958ರ ಜಿನೀವಾ ಒಪ್ಪಂದ ಹೇಳಿತು. 1982ರ ಸಮುದ್ರ ಕಾನೂನಿನ ಒಪ್ಪಂದ ಅದನ್ನೇ ಮತ್ತೆ ಹೇಳಿತು. ಆ ಸಂಬಂಧವೆಂದರೇನು ಎಂಬುದನ್ನು ಬಿಡಿಸಿ ಹೇಳಲು 1986ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಇನ್ನೊಂದು ಒಪ್ಪಂದ ಸಿದ್ಧವಾಯಿತು. ಸಾಕಷ್ಟು ರಾಷ್ಟ್ರಗಳು ಅದನ್ನು ಸ್ಥಿರೀಕರಿಸದೆ ಹೋದುದರಿಂದ ಅದು ಜಾರಿಗೆ ಬರಲೇ ಇಲ್ಲ. ಬರಿಯ ಮಂತ್ರಕ್ಕೆ ಮಾವಿನಕಾಯಿ ಉದುರೀತೆ?

ಇದರ ಫಲವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಉಂಡುದು ಇಂಗ್ಲೆಂಡು. 1967ನೆಯ ಮಾರ್ಚ್ 18ರಂದು ‘ಟಾರಿ ಕ್ಯಾನಿಯನ್’ ಎಂಬ ಎಣ್ಣೆಯ ಹಡಗು ಕಾರ್ನ್‌ವಾಲಿನ ಸಮೀಪ ಬಂಡೆಗೆ ಬಡಿದು, ಒಂದು ಲಕ್ಷ ಟನ್ನಿಗೂ ಮಿಕ್ಕಿದ ಕಚ್ಚಾ ಎಣ್ಣೆಯ ಹೊರೆಯೊಡನೆ ಒಡೆಯಿತು. ಧ್ವಜ ಲೈಬೀರಿಯಾದ್ದು, ಒಡೆತನ ಬರ್ಮುಡಾದ ಒಂದು ಕಂಪೆನಿಯದು, ಕಪ್ತಾನ ಇಟಲಿಯವನು, ಬಾಡಿಗೆಗೆ ಪಡೆದವರು ಬ್ರಿಟಿಷರು. ನೋಟೀಸನ್ನು ಯಾರಿಗೆ ಕೊಡಬೇಕು? ಅದೇ ಒಡೆತನದ ಇನ್ನೊಂದು ಹಡಗು ಸಿಂಗಾಪುರಕ್ಕೆ ಬರುವ ತನಕ ಬ್ರಿಟಿಷ್ ಸರಕಾರವು ಕಾದಿದ್ದು, ಅದು ಬಂದಾಗ ದಾವೆಯ ಕಾಗದವನ್ನು ಅದರ ಕೂವೆಯ ಮರಕ್ಕೆ ಅಂಟಿಸಬೇಕಾಯಿತು. ಸಾಮ್ರಾಜ್ಯವನ್ನಾಳಿದ ಸರಕಾರದ ಪಾಡು ಇದು! ಐವತ್ತೆಂಟು ವರ್ಷಗಳ ಬಳಿಕ ಕೇರಳವೂ ಹಿಡಿದುದು ಇದೇ ದಾರಿಯನ್ನೇ. 9,531 ಕೋಟಿ ರೂಪಾಯಿಗಳ ಪರಿಹಾರವನ್ನು ಕೇಳಿ ಅದು ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ನ್ಯಾಯಾಲಯವು 2025ರ ಜುಲೈಯಲ್ಲಿ, ವಿಳಿಂಜಂ ಬಂದರಿನಲ್ಲಿದ್ದ ‘ಎಂ.ಎಸ್.ಸಿ. ಅಕಿತೇಟಾ 2’ ಎಂಬ ಸೋದರ ಹಡಗನ್ನು ತಡೆಹಿಡಿಯಲು ಆಜ್ಞಾಪಿಸಿತು. ಈ ಎರಡೂ ಕಥೆಗಳ ತಾತ್ಪರ್ಯ ಒಂದೇ: ಧ್ವಜದ ದೇಶ ಎಂದೂ ಕೈಗೆ ಸಿಗುವುದಿಲ್ಲ, ಹಡಗು ಮಾತ್ರ ಒಂದಲ್ಲ ಒಂದು ದಿನ ಬಂದರಿಗೆ ಬಂದೇ ಬರಬೇಕು. ಆದುದರಿಂದ ಕಡಿವಾಣದ ತುದಿಯಿರುವುದು ಬಂದರಿನ ಕೈಯಲ್ಲಿ.

ಸರಕಾರದ ಕೈ ಸೋಕಿದರೆ ಸಾಗಣೆ ಹಾಳಾಗುವುದೆಂಬ ಮಾತು ಹೊಸದಲ್ಲ. ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಹಡಗಿನ ಒಡೆಯರೂ ಅದನ್ನೇ ಹೇಳಿದ್ದರು. ಆ ಕಾಲದಲ್ಲಿ ಜೀರ್ಣವಾದ ಹಡಗಿಗೆ ಮಿತಿಮೀರಿ ಸರಕನ್ನು ತುಂಬಿ, ಬೆಲೆಗಿಂತ ಹೆಚ್ಚಿಗೆ ವಿಮೆ ಮಾಡಿಸಿ, ಸಾಗರಕ್ಕೆ ದೂಡುವುದು ನಡೆದಿತ್ತು. ದಡ ಸೇರಿದರೆ ಬಾಡಿಗೆಯ ಲಾಭ. ಮುಳುಗಿದರೆ ವಿಮೆಯ ಲಾಭ. ಸತ್ತ ನಾವಿಕನ ಹೆಂಡತಿ ಮಕ್ಕಳಿಗೆ ಮಾತ್ರ ಎರಡರಲ್ಲಿಯೂ ಪಾಲಿಲ್ಲ. ಜನರು ಅವುಗಳನ್ನು ‘ಶವಪೆಟ್ಟಿಗೆಯ ಹಡಗು’ಗಳೆಂದು ಕರೆದರು. ಡರ್ಬಿಯಿಂದ ಪಾರ್ಲಿಮೆಂಟಿಗೆ ಆರಿಸಿಬಂದಿದ್ದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಕಲ್ಲಿದ್ದಲ ವ್ಯಾಪಾರಿ 1873ರಲ್ಲಿ ಈ ಕುರಿತು ಪುಸ್ತಕವನ್ನೇ ಬರೆದನು. 1875ರ ಜುಲೈಯಲ್ಲಿ ಸರಕಾರವು ನಾವಿಕರ ರಕ್ಷಣೆಯ ಮಸೂದೆಯನ್ನು ಕೈಬಿಟ್ಟಾಗ, ಅವನು ಸಭೆಯ ಮರ್ಯಾದೆಯನ್ನೂ ಮರೆತು ಒಡೆಯರನ್ನು ನೀಚರೆಂದು ಕೂಗಿ ಹೇಳಿದನು. ನಾಡೆಲ್ಲ ಎದ್ದು ನಿಂತಿತು. ಮರುವರ್ಷ, ಅಂದರೆ 1876ರಲ್ಲಿ, ಹಡಗಿನ ಮಗ್ಗುಲಲ್ಲಿ ಭಾರದ ಗೆರೆಯೊಂದು ಇರಲೇಬೇಕೆಂದು ಶಾಸನವಾಯಿತು.

ಆದರೆ ಆ ಶಾಸನದ ಮಹಿಮೆಯನ್ನು ಕೇಳಿರಿ: ಗೆರೆಯನ್ನು ಎಷ್ಟು ಎತ್ತರದಲ್ಲಿ ಎಳೆಯಬೇಕೆಂಬುದನ್ನು ಅದು ಒಡೆಯನಿಗೇ ಬಿಟ್ಟುಕೊಟ್ಟಿತು! ಹದಿನಾಲ್ಕು ವರ್ಷಗಳ ಕಾಲ ಹಡಗುಗಳ ಮೇಲೆ ಗೆರೆಯಿತ್ತು, ರಕ್ಷಣೆ ಇರಲಿಲ್ಲ. 1890ರ ಶಾಸನವು ಗೆರೆಯ ಸ್ಥಾನವನ್ನು ಗೊತ್ತುಮಾಡುವ ಅಧಿಕಾರವನ್ನು ಒಡೆಯನಿಂದ ಕಿತ್ತುಕೊಂಡಿತು. 1906ರಲ್ಲಿ ಬ್ರಿಟಿಷ್ ಬಂದರಿಗೆ ಬರುವ ಪರದೇಶದ ಹಡಗುಗಳಿಗೂ ಭಾರದ ಗೆರೆಯ ಕಟ್ಟಳೆ ಅನ್ವಯವಾಯಿತು. 1930ರಲ್ಲಿ ಅದು ಅಂತರ್ರಾಷ್ಟ್ರೀಯ ಒಪ್ಪಂದವಾಯಿತು. 1966ರ ಒಪ್ಪಂದ ಅದನ್ನು ಇನ್ನಷ್ಟು ತಿದ್ದಿತು. ಬ್ರಿಟಿಷರ ಹಡಗು ವ್ಯಾಪಾರ ಇದರಿಂದ ಮುಳುಗಿತೆ? ಇಲ್ಲ. ಕ್ರಮವನ್ನು ಗಮನಿಸಿರಿ: ಮೊದಲು ಒಡೆಯನ ಗೆರೆ, ಆಮೇಲೆ ಸರಕಾರದ ಗೆರೆ, ಆಮೇಲೆ ಬಂದರಿಗೆ ಬಂದವರೆಲ್ಲರಿಗೂ ಗೆರೆ, ಕಡೆಗೆ ಜಗತ್ತಿಗೇ ಗೆರೆ. ಅನುಕೂಲದ ಧ್ವಜವೆಂಬುದು ನಮ್ಮನ್ನು ಮತ್ತೆ 1876ಕ್ಕೆ ಒಯ್ಯುವ ಯುಕ್ತಿಯಲ್ಲದೆ ಬೇರೇನಲ್ಲ. ಅಂದು ಒಡೆಯನು ತನಗೆ ಬೇಕಾದಲ್ಲಿ ಗೆರೆ ಎಳೆದುಕೊಂಡನು. ಇಂದು ತನಗೆ ಬೇಕಾದಂತೆ ಗೆರೆ ಎಳೆಯುವ ದೇಶವನ್ನು ಹುಡುಕಿಕೊಳ್ಳುತ್ತಾನೆ.

ಪ್ರತಿವಾದಿಗಳು ಇಲ್ಲಿ ಎರಡು ಮಾತುಗಳನ್ನು ಎತ್ತುತ್ತಾರೆ. ಲೈಬೀರಿಯಾದಂತಹ ಧ್ವಜಗಳ ದಾಖಲೆ ಈಗ ಕೆಟ್ಟದಾಗಿಲ್ಲ, ಯುರೋಪಿನ ತಪಾಸಣೆಯಲ್ಲಿ ಅವು ಒಳ್ಳೆಯ ಪಟ್ಟಿಯಲ್ಲಿವೆ ಎಂಬುದು ಮೊದಲನೆಯದು. ಮಾತು ನಿಜ, ಆದರೆ ಅದು ನಮ್ಮ ಪಕ್ಷವನ್ನೇ ಬಲಪಡಿಸುತ್ತದೆ. 1978ರಲ್ಲಿ ಲೈಬೀರಿಯಾದ ಧ್ವಜವನ್ನೇ ಹೊತ್ತ ‘ಅಮೋಕೋ ಕಾಡಿಸ್’ ಹಡಗು ಫ್ರಾನ್ಸಿನ ತೀರದಲ್ಲಿ ಒಡೆದು ಎಣ್ಣೆ ಹರಿದ ಬಳಿಕ, ಯುರೋಪಿನ ಸರಕಾರಗಳು 1982ರಲ್ಲಿ ಪ್ಯಾರಿಸಿನಲ್ಲಿ ಕೂಡಿ, ತಮ್ಮ ಬಂದರಿಗೆ ಬಂದ ಹಡಗು ಯಾವ ಧ್ವಜದ್ದೇ ಆಗಲಿ ತಾವೇ ಪರೀಕ್ಷಿಸಿ, ದೋಷವಿದ್ದರೆ ತಡೆಹಿಡಿಯುವುದೆಂದು ಗೊತ್ತುಮಾಡಿದುವು. ಧ್ವಜಗಳು ಸುಧಾರಿಸಿದ್ದರೆ ಅದು ಬಂದರಿನ ಬೆತ್ತದ ಭಯದಿಂದ. ಶಾಲೆಯಲ್ಲಿ ಪರೀಕ್ಷಕನು ಬರುವನೆಂಬ ಎಚ್ಚರವಿದ್ದರೆ ಪಾಠ ಸರಿಯಾಗಿ ನಡೆಯುವುದೆಂಬುದನ್ನು ಉಪಾಧ್ಯಾಯರಿಗೆ ಹೇಳಿಕೊಡಬೇಕೆ?

ಎರಡನೆಯದು ದರದ ಮಾತು. ಭಾರತದ ವಿದೇಶ ವ್ಯಾಪಾರದಲ್ಲಿ ಪರಿಮಾಣದ ಲೆಕ್ಕದಿಂದ ನೂರಕ್ಕೆ ಸುಮಾರು 95 ಭಾಗ ಕಡಲಿನ ಮೇಲೆಯೇ ಸಾಗುತ್ತದೆ. ಕಟ್ಟಳೆ ಬಿಗಿಯಾದರೆ ಹಡಗುಗಳು ಕೊಲಂಬೊವಿಗೆ ಹೋಗುವುವು ಎಂದು ಹೆದರಿಸುತ್ತಾರೆ. ಕೊಲಂಬೊವಿನ ಪಾಡಾದರೂ ಏನಾಯಿತು? 2021ರಲ್ಲಿ ಅದರ ಎದುರಿಗೇ ‘ಎಕ್ಸ್‌ಪ್ರೆಸ್ ಪರ್ಲ್’ ಉರಿದು ಮುಳುಗಿ, ಸಾವಿರಕ್ಕೂ ಮಿಕ್ಕಿದ ಟನ್ನು ಪ್ಲಾಸ್ಟಿಕ್ ಕಾಳು ಸಿಂಹಳದ ತೀರಕ್ಕೆ ಕುತ್ತಾಯಿತು. ಪರಿಹಾರವಾಗಿ ನೂರು ಕೋಟಿ ಡಾಲರು ಕೊಡಬೇಕೆಂದು ಅಲ್ಲಿನ ಶ್ರೇಷ್ಠ ನ್ಯಾಯಾಲಯವು 2025ರ ಜುಲೈಯಲ್ಲಿ ತೀರ್ಪಿತ್ತಿತು. ಹಾಗಾದರೆ ಅಗ್ಗದ ದರದಲ್ಲಿ ಸೇರದೆ ಉಳಿದ ಬೆಲೆ ಎಲ್ಲಿ ಹೋಯಿತು? ಅದು ಬೆಸ್ತನ ಬಲೆಗೆ ಬಿತ್ತು. ಸಾಗಣೆಯ ಖರ್ಚು ಕಡಿಮೆಯಾಗಲಿಲ್ಲ. ಅದನ್ನು ತೆರುವವನು ಬದಲಾದನು, ಅಷ್ಟೆ.

ನಮ್ಮ ಸರಕಾರ ಇದರಿಂದ ಕಲಿತಿದೆಯೆ? ಹೊರನಾಡಿಗೆ ಹೋಗುವ, ಹೊರನಾಡಿನಿಂದ ಬರುವ ಕಂಟೇನರುಗಳನ್ನು ನಮ್ಮ ಒಂದು ಬಂದರಿನಿಂದ ಇನ್ನೊಂದಕ್ಕೆ ಸಾಗಿಸಲು ಪರದೇಶದ ಧ್ವಜದ ಹಡಗುಗಳಿಗೆ ಪರವಾನಗಿಯ ಅಗತ್ಯವಿಲ್ಲವೆಂದು 2018ರಲ್ಲಿ ಸಡಿಲಿಕೆ ಕೊಟ್ಟರು. 2025ರಲ್ಲಿ ಸಂಸತ್ತು 1958ರ ಹಡಗು ಕಾಯಿದೆಗೆ ಬದಲಾಗಿ ಹೊಸ ಕಾಯಿದೆಯನ್ನು ಅಂಗೀಕರಿಸಿತು. ಹಳೆಯದನ್ನು ಕಾಲಕ್ಕೆ ತಕ್ಕಂತೆ ತಿದ್ದುವುದು ತಪ್ಪಲ್ಲ. ಆದರೆ ಎಷ್ಟು ಹಡಗು ಬಂದುವು, ಎಷ್ಟು ಕಂಟೇನರು ಇಳಿದುವು ಎಂದು ಎಣಿಸುವ ಉತ್ಸಾಹವು ಎಷ್ಟು ಹಡಗುಗಳ ಒಳಹೊಕ್ಕು ಪರೀಕ್ಷಿಸಿದೆವು ಎಂಬುದರಲ್ಲಿಯೂ ಕಾಣಬೇಕು. 1982ರ ಒಪ್ಪಂದವೇ, ತನ್ನ ಬಂದರಿನ ಪ್ರವೇಶಕ್ಕೆ ಷರತ್ತು ಹಾಕುವ ಹಕ್ಕನ್ನು ಪ್ರತಿಯೊಂದು ರಾಷ್ಟ್ರಕ್ಕೂ ಒಪ್ಪಿದೆ. ಹಕ್ಕಿದ್ದೂ ಚಲಾಯಿಸದವನು ಇಲ್ಲದವನಿಗಿಂತ ಕಡೆ.

ಕೇಳಬೇಕಾದುದು ಹೆಚ್ಚೇನಿಲ್ಲ. ಹಡಗಿನ ನಿಜವಾದ ಒಡೆಯನು ಯಾರೆಂದು ತಿಳಿಸದ ಯಾವ ನೌಕೆಗೂ ಬಂದರಿನ ಬಾಗಿಲು ತೆರೆಯಬಾರದು. ವಯಸ್ಸಾದ ಹಡಗುಗಳನ್ನು ಧ್ವಜ ನೋಡದೆ ಪರೀಕ್ಷಿಸಬೇಕು. ‘ಎಲ್ಸಾ 3’ 1997ರಲ್ಲಿ ಕಟ್ಟಿದುದಾಗಿತ್ತು ಎಂಬುದನ್ನು ಮರೆಯಬಾರದು. ಕಂಟೇನರುಗಳಲ್ಲಿ ಏನಿದೆಯೆಂಬ ಪಟ್ಟಿ, ಅವಘಡವಾದ ದಿನವೇ ತೀರದ ಜನರ ಕೈಗೆ ಸಿಗಬೇಕು. ಪ್ಲಾಸ್ಟಿಕ್ ಕಾಳುಗಳ ಸಾಗಣೆಯ ವಿಷಯದಲ್ಲಿ ಅಂತರ್ರಾಷ್ಟ್ರೀಯ ಸಾಗರ ಸಂಘಟನೆಯು 2024ರಲ್ಲಿ ಕೊಟ್ಟುದು ಬರಿಯ ಸಲಹೆ. ಅದನ್ನು ನಮ್ಮ ಬಂದರುಗಳಲ್ಲಿ ಕಟ್ಟಳೆಯಾಗಿ ಮಾಡಬೇಕು. ಪರಿಹಾರಕ್ಕೆ ಸಾಕಾಗುವ ವಿಮೆಯ ಭರವಸೆಯನ್ನು ಹಡಗು ಒಳಬರುವ ಮೊದಲೇ ಪಡೆಯಬೇಕು, ಮುಳುಗಿದ ಮೇಲಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲನ್ನು ಮುಚ್ಚಿದುದರಿಂದ ಬಂದ ಭಾಗ್ಯವೇನು?

ಗಡಿನಾಡಿನ ಶಾಲೆಗೂ ಹಡಗಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿಯಾರು. ‘ಎಲ್ಸಾ 3’ ಮುಳುಗಿದ ಹದಿನೈದನೆಯ ದಿನ, 2025ನೆಯ ಜೂನ್ 9ರಂದು, ಕಾಸರಗೋಡಿನ ತೆಂಕಣ ನೆರೆಯಾದ ಕಣ್ಣೂರಿನ ಅಳಿಕ್ಕಲ್ ತೀರದಾಚೆ ‘ವಾನ್ ಹೈ 503’ ಎಂಬ ಹಡಗಿಗೆ ಬೆಂಕಿ ಹತ್ತಿತು. ನಾಲ್ವರು ನಾವಿಕರು ಕಾಣೆಯಾದರು. ಕಾಗದದ ಮೇಲೆ ಒಬ್ಬರು ಗೆರೆ ಎಳೆದರೆ ಅದರ ಫಲವನ್ನು ಇನ್ನೊಬ್ಬರು ಬಾಳಿನುದ್ದಕ್ಕೂ ಉಣ್ಣಬೇಕಾಗುವುದನ್ನು 1956ರಿಂದೀಚೆಗೆ ನಮಗಿಂತ ಚೆನ್ನಾಗಿ ಬಲ್ಲವರಾರು? ಆದುದರಿಂದ ಉಪಾಧ್ಯಾಯ ಬಂಧುಗಳೇ, ಭೂಗೋಳದ ಪಾಠದಲ್ಲಿ ದೇಶಗಳ ಧ್ವಜಗಳನ್ನು ಗುರುತಿಸಲು ಮಕ್ಕಳಿಗೆ ಕಲಿಸುವಾಗ, ಧ್ವಜವು ಹೊಣೆಯ ಗುರುತೇ ಹೊರತು ಮಾರಾಟದ ಸರಕಲ್ಲವೆಂಬುದನ್ನೂ ಕಲಿಸಿರಿ. ವಿದ್ಯಾರ್ಥಿಗಳೇ, ಬಂದರಿಗೆ ಹೋದಾಗ ಹಡಗಿನ ಗಾತ್ರವನ್ನು ಕಂಡು ಬೆರಗಾಗಿ ಹಿಂದಿರುಗಬೇಡಿರಿ. ಅದರ ಮಗ್ಗುಲಲ್ಲಿ ಒಂದು ವೃತ್ತವೂ ಅದನ್ನು ಸೀಳಿದ ಅಡ್ಡಗೆರೆಯೂ ಇರುತ್ತವೆ. ಅವನ್ನು ಹುಡುಕಿ ನೋಡಿರಿ. ಅದು ಒಡೆಯರು ದಯಪಾಲಿಸಿದ ಗೆರೆಯಲ್ಲ. ಜನರು ಹಟಹಿಡಿದು ಸರಕಾರದಿಂದ ಎಳೆಸಿದ ಗೆರೆ. ಇನ್ನುಳಿದ ಗೆರೆಗಳನ್ನೂ ಹಾಗೆಯೇ ಎಳೆಸಬೇಕಾಗಿದೆ.