ಸೂತಕವಿಲ್ಲದ ಧರ್ಮದಲ್ಲಿ ಸೂತಕದ ನುಡಿ



2025ರ ಅಕ್ಟೋಬರ್ 9ರಂದು ಕರ್ನಾಟಕದ ಸಚಿವ ಸಂಪುಟವು ಋತುಚಕ್ರ ರಜೆ ನೀತಿಗೆ ಒಪ್ಪಿಗೆ ನೀಡಿತು. ಸರ್ಕಾರಿ ಕಚೇರಿ, ಕಾರ್ಖಾನೆ ಹಾಗೂ ಖಾಸಗಿ ಸಂಸ್ಥೆಗಳಲ್ಲಿ ದುಡಿಯುವ ಮಹಿಳೆಯರಿಗೆ ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ರಜೆ ಎಂಬುದು ಅದರ ಸಾರ. ಇದರ ಸಾಧಕಬಾಧಕಗಳ ಚರ್ಚೆ ಸಾಕಷ್ಟು ನಡೆದಿದೆ. ನಾವು ಇಲ್ಲಿ ಗಮನಿಸಬಯಸುವುದು ಬೇರೊಂದು ಸಂಗತಿಯನ್ನು. ಅಡುಗೆಮನೆಯ ಪಿಸುಮಾತಾಗಿದ್ದ ವಿಷಯವೊಂದು ತನ್ನ ಹೆಸರಿನೊಂದಿಗೆ ಸರ್ಕಾರದ ಕಡತವನ್ನು ಸೇರಿತು. ಹಾಗಾದರೆ ನಮ್ಮ ಮನೆಗಳಲ್ಲಿ ಅದಕ್ಕೆ ಯಾವ ಹೆಸರಿದೆ?

ನಮ್ಮ ಭಾಗದ ಮಾತುಗಳನ್ನೇ ನೋಡಿರಿ. ‘ಮುಟ್ಟಾಗ್ಯಾಳ’ ಎನ್ನುತ್ತೇವೆ, ‘ಕಡಿಗ್ಯಾಗ್ಯಾಳ’ ಎನ್ನುತ್ತೇವೆ, ‘ಹೊರಗ ಕುಂತಾಳ’ ಎನ್ನುತ್ತೇವೆ. ಮೊದಲನೆಯದು ಮುಟ್ಟುವಿಕೆಯ ಮಾತು. ಉಳಿದೆರಡು ಆಕೆ ಇರಬೇಕಾದ ಸ್ಥಳದ ಮಾತುಗಳು. ಆಕೆಯ ದೇಹದಲ್ಲಿ ನಡೆಯುತ್ತಿರುವುದೇನು, ಆಕೆಗೆ ನೋವಿದೆಯೆ, ರಕ್ತ ಹೆಚ್ಚು ಹೋಗುತ್ತಿದೆಯೆ ಎಂಬುದನ್ನು ಹೇಳುವ ಮಾತು ಇವುಗಳಲ್ಲಿ ಒಂದೂ ಇಲ್ಲ. ಇಂದಿನ ಹೆಣ್ಣುಮಕ್ಕಳು ‘ಡೇಟ್’, ‘ಪಿರಿಯಡ್’ ಎಂದು ಇಂಗ್ಲಿಷಿನ ಮರೆಯನ್ನು ಹೊಕ್ಕಿದ್ದರೆ ಅದು ಭಾಷಾಭಿಮಾನದ ಕೊರತೆಯಲ್ಲ. ತಾಯ್ನುಡಿಯಲ್ಲಿ ತಲೆಯೆತ್ತಿ ಆಡಬಹುದಾದ ಮಾತನ್ನು ನಾವು ಅವರಿಗೆ ಕೊಡಲಿಲ್ಲ. ಹೆಣ್ಣುಮಕ್ಕಳಿಗೆ ಪ್ಯಾಡ್ ವಿತರಿಸುವ ಸರ್ಕಾರದ ಯೋಜನೆಗೂ ‘ಶುಚಿ’ ಎಂದೇ ಹೆಸರಿಟ್ಟಿದ್ದಾರೆ. ಆಶಯ ಸ್ವಚ್ಛತೆಯದೇ ಆಗಿದ್ದರೂ, ಅಶುಚಿಯೆಂಬ ಹಳೆಯ ಭಾವನೆಯ ನೆರಳು ಆ ಹೆಸರಿನ ಹಿಂದೆ ನಿಂತಿದೆ.

ಲಿಂಗಾಯತರಾದ ನಾವು ಇಲ್ಲಿ ನಾಚಬೇಕಾಗಿದೆ. ಹನ್ನೆರಡನೆಯ ಶತಮಾನದಲ್ಲಿಯೇ ಬಸವಾದಿ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಇಷ್ಟಲಿಂಗವನ್ನು ಧರಿಸಿದ ಅಂಗಕ್ಕೆ ಮೈಲಿಗೆಯಿಲ್ಲ ಎಂಬುದು ಅದರ ತಿರುಳು. ಹೆಣ್ಣಿಗೂ ಗಂಡಿಗೂ ಒಂದೇ ದೀಕ್ಷೆ, ಒಂದೇ ಲಿಂಗ. ತಿಂಗಳ ಆ ದಿನಗಳಲ್ಲಿ ಲಿಂಗವು ಆಕೆಯ ಎದೆಯ ಮೇಲೆಯೇ ಇರುತ್ತದೆ, ಪೂಜೆಗೂ ಅಡ್ಡಿಯಿಲ್ಲ. ಧರ್ಮ ಇಷ್ಟು ಸ್ಪಷ್ಟವಾಗಿ ಹೇಳಿದ್ದರೂ ನಮ್ಮ ನಾಲಿಗೆ ಸೂತಕವನ್ನು ಬಿಟ್ಟಿಲ್ಲ. ಜಾತ್ರೆಯ ದಿನ ‘ಈ ಸಲ ನನಗ ಬರಾಕ ಆಗೂದಿಲ್ಲ’ ಎಂದು ಮಠದ ಬಾಗಿಲಾಚೆ ನಿಲ್ಲುವ ತಾಯಂದಿರನ್ನು ನಾವೆಲ್ಲ ಕಂಡಿದ್ದೇವೆ. ಕಾರಣ ಕೇಳದೆ ತಲೆಯಾಡಿಸಿದ್ದೇವೆ. ಆ ಮೌನವೂ ಒಂದು ಮಾತೇ.

ಈ ಮೌನದ ಬೆಲೆ ಏನೆಂಬುದನ್ನು ನಮ್ಮ ಜಿಲ್ಲೆ ಕಂಡಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಮತ್ತು ಹಳ್ಳಿಗಳ ಬಡ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಗಳು ನಡೆದ ಸಂಗತಿ 2015ರಲ್ಲಿ ಬಯಲಾಯಿತು. ಆರೋಗ್ಯ ಇಲಾಖೆ ವಿಚಾರಣೆ ನಡೆಸಿತು, ನೊಂದ ಮಹಿಳೆಯರು ನ್ಯಾಯಕ್ಕಾಗಿ ಬೀದಿಗಿಳಿದರು. ಹೊಟ್ಟೆನೋವು, ಬೆನ್ನುನೋವು, ಬಿಳಿಸ್ರಾವ ಎಂದು ಹೋದವರಿಗೆ ‘ಕ್ಯಾನ್ಸರ್ ಆದೀತು’ ಎಂಬ ಒಂದು ಮಾತು ಸಾಕಾಯಿತು. ವರ್ಷಗಟ್ಟಲೆ ಹೇಳಿಕೊಳ್ಳಲಾಗದೆ ನುಂಗಿದ ನೋವಿಗೆ ದೊರೆತ ಮೊದಲ ಹೆಸರೇ ಅದು. ಭಯದ ಆ ಹೆಸರನ್ನು ಪ್ರಶ್ನಿಸಲು ಅವರ ಬಳಿ ಬೇರೆ ಮಾತಿರಲಿಲ್ಲ. ನಾವೂ ಆ ಅಂಗವನ್ನು ‘ಚೀಲ’ ಎಂದು ಕರೆಯುತ್ತ ಬಂದಿದ್ದೇವೆ. ಬರಿದಾದ ಚೀಲವನ್ನು ಎತ್ತಿಡುವುದು ರೂಢಿ. ‘ಮಕ್ಕಳಾದ ಮ್ಯಾಲ ಚೀಲ ಯಾಕ?’ ಎಂಬ ಪ್ರಶ್ನೆ ಹುಟ್ಟಿದ್ದು ಆ ಹೆಸರಿನಿಂದಲೇ.

ನೆರೆಯ ಮಹಾರಾಷ್ಟ್ರದ ಕಥೆ ಇನ್ನೂ ಘೋರ. ಬೀಡ್ ಜಿಲ್ಲೆಯಲ್ಲಿ ಸರ್ಕಾರಿ ಸಮಿತಿಯೊಂದು 2019ರಲ್ಲಿ ಸಮೀಕ್ಷಿಸಿದ 82,309 ಕಬ್ಬು ಕಡಿಯುವ ಮಹಿಳೆಯರ ಪೈಕಿ 13,861 ಮಂದಿ ಗರ್ಭಕೋಶ ಕಳೆದುಕೊಂಡವರಾಗಿದ್ದರು. ಮುಟ್ಟಿನ ಕಾರಣಕ್ಕೆ ಒಂದು ದಿನ ಕೆಲಸ ತಪ್ಪಿದರೂ ಮುಕದ್ದಮನಿಗೆ ದಂಡ ತೆರಬೇಕೆಂಬ ಭಯವೂ ಅದರ ಹಿಂದಿತ್ತು. ಸಕ್ಕರೆ ಕಾರ್ಖಾನೆಯಿರುವ ನಮ್ಮ ಭೂಸನೂರಿಗೆ ಇದು ದೂರದ ಸುದ್ದಿಯಲ್ಲ. ಕಬ್ಬಿನ ಹಂಗಾಮು ಬಂತೆಂದರೆ ಕುಡುಗೋಲು ಹಿಡಿದ ಹೆಣ್ಣುಮಕ್ಕಳನ್ನು ನಾವೂ ಕಾಣುತ್ತೇವೆ. ಹೊಸ ರಜೆ ನೀತಿ ಅವರನ್ನಾಗಲಿ, ತೊಗರಿ ಹೊಲದ ಕೂಲಿಯವರನ್ನಾಗಲಿ ಮುಟ್ಟುವುದಿಲ್ಲ. ಹಾಜರಿ ಪುಸ್ತಕವೇ ಇಲ್ಲದ ದುಡಿಮೆಗೆ ರಜೆಯೆಲ್ಲಿ? ಕಾಯಕವನ್ನೇ ಕೈಲಾಸವೆಂದು ನಂಬಿದ ಸಮಾಜ ಈ ಪ್ರಶ್ನೆಯನ್ನು ತನ್ನದೆಂದು ಎತ್ತಿಕೊಳ್ಳಬೇಕು.

2023ರ ಏಪ್ರಿಲ್ 5ರಂದು ಸರ್ವೋಚ್ಚ ನ್ಯಾಯಾಲಯವು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಕಾನೂನು ಆಸ್ಪತ್ರೆಯ ಬಾಗಿಲನ್ನು ಕಾಯಬಲ್ಲದು. ಮನೆಯೊಳಗಿನ ಮಾತನ್ನು ತಿದ್ದುವ ಕೆಲಸ ನಮ್ಮದು.

ಆದ್ದರಿಂದ ಭಕ್ತಾದಿಗಳಲ್ಲಿ ನಮ್ಮ ಅರಿಕೆ ಇಷ್ಟು. ‘ಹೊರಗ ಕುಂತಾಳ’ ಎಂಬ ಮಾತು ನಮ್ಮ ಮನೆಗಳಿಂದ ಹೊರಗೆ ಹೋಗಲಿ. ‘ಋತು’ ಎಂಬುದು ಕಾಲಕ್ಕೆ ಸರಿಯಾಗಿ ಬರುವ ಹದದ ಹೆಸರು, ಮಳೆಬೆಳೆಗಳನ್ನು ನಂಬಿ ಬದುಕುವ ನಮಗೆ ಅದು ಪರಕೀಯವಲ್ಲ. ‘ತಿಂಗಳ ಋತು’ ಎಂದು ಸಹಜವಾಗಿ ಆಡೋಣ. ಬಿಳಿಸ್ರಾವ, ಅತಿಸ್ರಾವ, ನೋವು ಇವುಗಳನ್ನು ಮಗಳು ತಾಯಿಗೆ, ಹೆಂಡತಿ ಗಂಡನಿಗೆ, ಆಶಾ ಕಾರ್ಯಕರ್ತೆಗೆ ಹೆಸರಿಟ್ಟು ಹೇಳುವಂತಾಗಲಿ. ಇವುಗಳಲ್ಲಿ ಹೆಚ್ಚಿನವು ಔಷಧದಿಂದಲೇ ಗುಣವಾಗುತ್ತವೆ. ಯಾರಾದರೂ ‘ತೆಗೆಸಲೇಬೇಕು’ ಎಂದರೆ ಏಕೆಂದು ಕೇಳಿರಿ, ಆಳಂದದ ಸರ್ಕಾರಿ ಆಸ್ಪತ್ರೆಯಲ್ಲಿಯೋ ಕಲಬುರಗಿಯಲ್ಲಿಯೋ ಇನ್ನೊಬ್ಬ ವೈದ್ಯರನ್ನು ಕಂಡ ಬಳಿಕವೇ ಒಪ್ಪಿಗೆ ನೀಡಿರಿ. ಇನ್ನು ಮಠದ ದಾಸೋಹಕ್ಕೆ, ಪೂಜೆಗೆ, ಜಾತ್ರೆಗೆ ಎಲ್ಲ ದಿನಗಳಲ್ಲಿಯೂ ಎಲ್ಲ ತಾಯಂದಿರೂ ಬರಬೇಕು. ಇದು ಹೊಸ ಸುಧಾರಣೆಯಲ್ಲ, ಶರಣರು ಎಂದೋ ತೆರೆದಿಟ್ಟ ಬಾಗಿಲು. ಅದನ್ನು ಅಡ್ಡಗಟ್ಟಿ ನಿಂತದ್ದು ನಮ್ಮ ಮಾತು. ಸರಿಯಬೇಕಾದದ್ದೂ ಅದೇ.